ಸಂಪಿನ ನೀರು

ಅಚ್ಯುತ ಭಾವ ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ, ಕಾರ್ ಪೋರ್ಚಿನ ಮೂಲೆಯ ಗುಂಡಿಯ ಮೇಲಿದ್ದ ಹಲಗೆ ಸರಿಸಿ, ಹಿತ್ತಾಳೆ ಕೊಡಕ್ಕೆ ಹಗ್ಗ ಕಟ್ಟಿ ಒಳಗೆ ಇಳಿಸುತ್ತಿದ್ದರು. ತಮ್ಮನ ಮೈ ತೊಳೆಯಲು ನೀರು ಬೇಕಿತ್ತು. ಸಿಟೌಟಿನ ಜಗಲಿಯಿಂದ ಅದನ್ನು ಕಂಡ ಕಲ್ಯಾಣಿಗೆ ಅಳುವುದೋ ಬೈಯುವುದೋ ತಿಳಿಯಲಿಲ್ಲ. ಗಂಡ ತೀರಿಕೊಂಡು ಇನ್ನೂ ಒಂದು ದಿನ ತುಂಬಿಲ್ಲ, ಬೆಳಗಿನಿಂದ ಇದು ಎಷ್ಟನೆಯ ಅವಾಂತರವೋ.

"ಭಾವ, ಅದರಿಂದ ತೆಗೀಬೇಡಿ. ಅದು ಗಲೀಜು ನೀರು."

"ಯಾಕಮ್ಮ? ಸಂಪ್ ಎಲ್ಲಿದೆ ಅಂತ ಆ ಕನ್ನಡ ಸಂಘದ ವಿನಾಯಕ್‌ನ ಕೇಳ್ದೆ. ಇದೇ ಅಂತ ತೋರಿಸ್ದ."

"ಸಂಪ್ ಅದೇ. ಆದರೆ..."

ಕೊಡ ಆಗಲೇ ಮೇಲೆ ಬಂದಿತ್ತು. ಚಹಾ ಬಣ್ಣದ ನೀರು, ಅದರ ಮೇಲೊಂದು ಕೊಳೆತ ಹಲಸಿನ ಎಲೆ, ಯಾರೋ ಸೇದಿ ಎಸೆದ ಬೀಡಿಯ ತುಂಡು. ಅಚ್ಯುತ ಭಾವ ಕೊಡದೊಳಗೆ ನೋಡಿದರು. ಬಗ್ಗಿ ಗುಂಡಿಯೊಳಗೆ ನೋಡಿದರು. ತಳದಲ್ಲಿ ಹೊಸ ಪಂಪು ಗುರುಗುಟ್ಟುತ್ತಾ ಕೆಸರು ನೀರನ್ನು ಪೈಪಿಗೆ ನೂಕುತ್ತಿತ್ತು, ಪೈಪು ಕಾಂಪೌಂಡಿನ ಮೇಲಿಂದ ಹಾದು ರಸ್ತೆಗೆ ಉಗುಳುತ್ತಿತ್ತು.

"ಇದಾ ಸಂಪು?" ಎಂದರು.

ಆ ಪ್ರಶ್ನೆಯನ್ನು ಈ ಮನುಷ್ಯ ಎರಡು ವರ್ಷದ ಹಿಂದೆ ಫೋನಿನಲ್ಲಿ ಒಂದು ಸಲ ಕೇಳಿದ್ದರೆ ಸಾಕಿತ್ತು.

"ಅಲ್ಲಮ್ಮ, ಸಂಪು ಅಂದ್ರೆ ಕುಡಿಯೋ ನೀರು ತುಂಬ್ಕೊಳೋದು ತಾನೆ? ನಮ್ಮ ಮೈಸೂರಲ್ಲಿ ಸಂಪಿನೊಳಗೆ ಒಂದು ಜಿರಲೆ ಬಿದ್ರೂ ಪೂರ್ತಿ ಖಾಲಿ ಮಾಡಿ ತೊಳೀತಾರೆ. ನೀವು ಚರಂಡಿ ನೀರಿಗೆ ಸಂಪು ಅಂದ್ರೆ ಹೆಂಗೆ?"

"ಇಲ್ಲಿ ಹಾಗೇ ಹೇಳುದು ಭಾವ. ಗುಂಡಿ ತೋಡಿದಾಗಿಂದ ಹಾಗೇ ಹೇಳುದು. ನೀರು ಅಡುಗೆಮನೆ ನಲ್ಲಿಯಲ್ಲಿ ಉಂಟು, ಮೈ ತೊಳೆಯುದು ಮಗಳು ಗಗನಾ ಬಂದ ಮೇಲೆ. ಈಗ ಆ ಹಲಗೆ ಮುಚ್ಚಿ, ಯಾರಾದರೂ ಕಾಲು ಹಾಕಿ ಬಿದ್ದಾರು. ಒಂದು ಮನೆಯಲ್ಲಿ ಒಂದು ಸಾವು ಸಾಕು."

ಅಷ್ಟು ಕಟುವಾಗಿ ಹೇಳಬೇಕೆಂದಿರಲಿಲ್ಲ. ಆದರೆ ಬೆಳಗಿನಿಂದ ಯಾರ್ಯಾರಿಗೆಲ್ಲ ಎಂತೆಂತ ಹೇಳುವುದು? ನಿನ್ನೆ ಮಧ್ಯಾಹ್ನ ಊಟ ಮಾಡಿ, ಮಜ್ಜಿಗೆ ಕುಡಿದು, "ಎಲೆಕ್ಟ್ರಿಷಿಯನ್ ಬಂದರೆ ಎಬ್ಬಿಸು" ಎಂದು ಮಲಗಿದ ಅಪ್ಪಣ್ಣ ಏಳಲಿಲ್ಲ. ಎಲೆಕ್ಟ್ರಿಷಿಯನ್ ಬರಲೂ ಇಲ್ಲ. ಸಂಜೆ ಹಿಡಿದ ಮಳೆ ಈಗಲೂ ಸುರಿಯುತ್ತಿತ್ತು. ಮೈಸೂರಿನಿಂದ ರಾತ್ರಿ ಬಸ್ಸು ಹತ್ತಿ ಅಣ್ಣ ಬಂದು ಮುಟ್ಟಿದ್ದರು. ತಿರುವನಂತಪುರದಿಂದ ಮಗಳಿಗೆ ಬರಲಾಗಿರಲಿಲ್ಲ. ಹಳಿಯ ಮೇಲೆ ನೀರು ನಿಂತು ರೈಲು ರದ್ದಾಗಿ, ಬೆಳಗಿನ ಜಾವ ಯಾರದೋ ಕಾರು ಹಿಡಿದು ಅಲ್ಲಿನ ಕಳಕ್ಕೂಟಂನಿಂದ ಹೊರಟಿದ್ದಳು.

ಅವಳು ಬರುವ ತನಕ ಅಪ್ಪಣ್ಣ ಈ ಹಾಲಿನಲ್ಲಿ, ಈ ನೆಲದ ಮೇಲೆ ಇರಬೇಕು. ಮಗಳು ಅಪ್ಪನನ್ನು ಅಪ್ಪನ ಮನೆಯಲ್ಲಿ ನೋಡಬೇಕು. ಕಲ್ಯಾಣಿಗೆ ಇವತ್ತು ಬೇಕಾಗಿದ್ದದ್ದು ಅದೊಂದೇ.

* * *

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ. ಈ ಅಣ್ಣ ತಮ್ಮಂದಿರನ್ನು ಕೆಡಿಸಲು ಒಂದು ಇಡೀ ಮಾತು ಕೂಡ ಬೇಕಾಗಲಿಲ್ಲ, ಒಂದು ಶಬ್ದ ಸಾಕಾಯಿತು.

ಮಲಯಾಳ ಸೀಮೆಯ ಕಳಮಶ್ಶೇರಿಯ ಈ ಓಣಿಯಲ್ಲಿ ಮನೆ ಕಟ್ಟಿದಾಗ ಗೇಟಿನಿಂದ ರಸ್ತೆಗೆ ಇಳಿದು ಹೋಗಬೇಕಿತ್ತು. ಈಗ ರಸ್ತೆಯಿಂದ ಮನೆಗೆ ಇಳಿಯಬೇಕು. ಮನೆಯೇನೂ ಕುಸಿಯಲಿಲ್ಲ. ಡಾಂಬರು ಹಾಕಿದಾಗಲೆಲ್ಲ ರಸ್ತೆ ಒಂದೊಂದು ಗೇಣು ಮೇಲೆದ್ದಿತು. ಊರೇ ಮುಳುಗಿದ ಆ ದೊಡ್ಡ ನೆರೆಯ ಮೇಲಂತೂ ಎದುರಿನವರು, ಪಕ್ಕದವರು ಎಲ್ಲರೂ ಮಣ್ಣು ತುಂಬಿಸಿ ಅಂಗಳ ಎತ್ತರಿಸಿಕೊಂಡರು. ಊರಿನ ನೀರೆಲ್ಲ ಇವರ ಅಂಗಳಕ್ಕೆ ನೆಂಟರ ಹಾಗೆ ಬಂದು ಕೂರತೊಡಗಿತು. ಫ್ಯಾಕ್ಟರಿಯ ಸ್ಟೋರ್ಸಿನಲ್ಲಿ ನಟ್ಟು ಬೋಲ್ಟು ಎಣಿಸಿ ನಿವೃತ್ತರಾದ ಅಪ್ಪಣ್ಣನಿಗೆ ಗೊತ್ತಿದ್ದ ಉಪಾಯ ಒಂದೇ. ಪೋರ್ಚಿನ ಮೂಲೆಯಲ್ಲಿ ಗುಂಡಿ ತೋಡಿಸಿ, ಬಂದ ನೀರು ಅಲ್ಲಿಗೆ ಹರಿಯುವಂತೆ ಮಾಡಿ, ಪಂಪಿಟ್ಟು ಹೊರಗೆ ಎಸೆಯುವುದು. ಇಲ್ಲಿನ ಪ್ಲಂಬರ್ ಅದಕ್ಕೆ ಸಂಪ್ ಎಂದ. ಅಪ್ಪಣ್ಣನೂ ಸಂಪ್ ಎಂದರು. ಹುಟ್ಟಿದ ಮೈಸೂರಿನಲ್ಲಿ ಆ ಶಬ್ದಕ್ಕೆ ಬೇರೆ ಅರ್ಥ ಉಂಟೆಂಬುದು ಅವರಿಗೆ ಮರೆತೇಹೋಗಿತ್ತು.

ಆ ಪಂಪು ಸುಟ್ಟಾಗ ಅವರು ಮೈಸೂರಿಗೆ ಫೋನು ಮಾಡಿದ್ದು ಕಲ್ಯಾಣಿಯ ಎದುರಿಗೇ. ಅಚ್ಯುತ ಭಾವನದು ಅಲ್ಲಿ ಪಂಪು, ಮೋಟರು, ವಯರಿನ ಅಂಗಡಿ.

"ಅಣ್ಣಾ, ಸಂಪಿಗೆ ಒಂದು ಒಳ್ಳೇ ಪಂಪ್ ಕಳ್ಸು."

"ಎಷ್ಟು ಆಳ ಸಂಪು?"

"ನಾಲ್ಕಡಿ."

"ಅಷ್ಟೇ ತಾನೆ? ಬಿಡು, ಜೀವಮಾನಕ್ಕೆ ಆಗೋ ಅಂಥದು ಕಳಿಸ್ತೀನಿ."

ಪಾರ್ಸೆಲ್ಲಿನಲ್ಲಿ ಬಂದ ಪಂಪು ಮದುವೆಮನೆಯ ಪಾತ್ರೆಯಂತೆ ಹೊಳೆಯುತ್ತಿತ್ತು. ತಿಳಿನೀರನ್ನು ಮಹಡಿಯ ಟ್ಯಾಂಕಿಗೆ ಏರಿಸಲು ಅದಕ್ಕಿಂತ ಒಳ್ಳೆಯದು ಇರಲಾರದು. ಮೊದಲ ಮಳೆಗೆ ಕೆಸರು ಹೀರಿತು, ಒಂದು ಎಲೆ ನುಂಗಿತು, ಕೆಮ್ಮಿತು, ನಿಂತಿತು. ಹಾಲಿನಲ್ಲಿ ಸೋಫಾದ ಕಾಲು ಮುಳುಗುವಷ್ಟು ನೀರು. ಆ ನೀರಿನಲ್ಲೇ ನಿಂತು ಅಪ್ಪಣ್ಣ ಫೋನು ಮಾಡಿದರು.

"ಎಂಥ ಪಂಪ್ ಕಳ್ಸಿದೀಯ ಅಣ್ಣ? ಕೆಸರು ತೊಗೊಳ್ತಾನೇ ಇಲ್ಲ."

"ಸಂಪಲ್ಲಿ ಕೆಸರು ಯಾಕೋ ಇದೆ? ಸಂಪು ತೊಳಿಸು ಮೊದ್ಲು."

"ತೊಳಿಸೋದಾ? ಸಂಪು ಇರೋದೇ ಕೆಸರಿಗೆ."

"ತಲೆ ಕೆಟ್ಟಿದ್ಯಾ ನಿಂಗೆ? ಮೂವತ್ತು ವರ್ಷದ ಅಂಗಡಿ ನಂದು. ನನ್ನ ಮಾಲಿಗೆ ಹೆಸರಿಡ್ತೀಯಾ?"

ಅಣ್ಣನಿಗೆ ತಮ್ಮ ಹುಚ್ಚನಂತೆ ಕೇಳಿಸಿದ. ತಮ್ಮನಿಗೆ ಅಣ್ಣ ಅಹಂಕಾರಿಯಂತೆ ಕೇಳಿಸಿದ. ಸಂಪು ಎಂದರೆ ನಿನಗೆ ಯಾವುದು ಎಂದು ಇಬ್ಬರೂ ಕೇಳಲಿಲ್ಲ. ಫೋನು ಇಟ್ಟದ್ದು ಇಟ್ಟದ್ದೇ. ಯುಗಾದಿಗೆ ಕಲ್ಯಾಣಿ ತಾನಾಗಿ ಮೈಸೂರಿಗೆ ಮಾತಾಡಿ, ಇದು ಹಾಗಲ್ಲ ಭಾವ, ಇದು ಬೇರೆ ಎಂದು ಬಿಡಿಸಿ ಹೇಳಲು ಹೋದಳು. "ಅವನಿಗೆ ಬಾಯಿ ಇಲ್ವಾ? ಅವನೇ ಹೇಳ್ಲಿ" ಎಂದರು. ಇವರನ್ನು ಕೇಳಿದರೆ "ಅವನಿಗೆ ಕಣ್ಣಿಲ್ವಾ? ಬಂದು ನೋಡ್ಲಿ" ಎಂದರು. ಇಬ್ಬರ ನಡುವೆ ಸಿಕ್ಕಿ ಅವಳಿಗೆ ಸಾಕುಬೇಕಾಯಿತು. ಸಾಯಲಿ ಎಂದು ಬಿಟ್ಟಳು. ಅಣ್ಣ ಕೊನೆಗೂ ಬಂದು ನೋಡಿದ್ದು ಇವತ್ತು.

* * *

ಟಕ್ ಎಂದು ಹಾಲಿನ ಫ್ಯಾನು ನಿಂತಿತು.

ಅದರ ಜೊತೆಗೆ ಎರಡು ಸದ್ದು ನಿಂತವು. ಅಪ್ಪಣ್ಣ ಮಲಗಿದ್ದ ಗಾಜಿನ ಫ್ರೀಜರ್ ಪೆಟ್ಟಿಗೆಯ ಗುಂಯ್ ಎನ್ನುವ ಸದ್ದು, ಹೊರಗಿನ ಪಂಪಿನ ಗುರುಗುರು. ಕುರ್ಚಿಗಳಲ್ಲಿ ಕೂತಿದ್ದವರೆಲ್ಲ ಪೆಟ್ಟಿಗೆಯತ್ತ ನೋಡಿದರು. ಕಲ್ಯಾಣಿಯ ಕಿವಿ ಮಾತ್ರ ಗುಂಡಿಯತ್ತ ಹೋಯಿತು.

ವಿನಾಯಕ್ ಫೋನು ಹಿಡಿದು ಸಿಟೌಟಿನ ಈ ತುದಿಯಿಂದ ಆ ತುದಿಗೆ ಓಡಾಡಿದ. ಅವನು ಕನ್ನಡ ಸಂಘದ ಕಾರ್ಯದರ್ಶಿ, ಬೆಂಗಳೂರಿನ ಹುಡುಗ, ಇಲ್ಲೇ ಕಂಪನಿಯೊಂದರಲ್ಲಿ ಕೆಲಸ. ಪೆಟ್ಟಿಗೆ ತರಿಸಿದ್ದು, ಸ್ಮಶಾನದಲ್ಲಿ ಮಧ್ಯಾಹ್ನಕ್ಕೆ ಹೊತ್ತು ಗೊತ್ತು ಮಾಡಿದ್ದು, ಗಾಡಿ ಹೇಳಿದ್ದು ಎಲ್ಲ ಅವನೇ. ಉಪಕಾರಿ. ಆದರೆ ಉಪಕಾರ ಮಾಡುವವರ ಅವಸರ ಇದೆಯಲ್ಲ, ಅದನ್ನು ಸಹಿಸುವುದು ಬಹಳ ಕಷ್ಟ.

"ಆಂಟಿ, ಆ ಕಡೆ ಲೈನ್ ಮೇಲೆ ಮರ ಬಿದ್ದಿದ್ಯಂತೆ. ಕರೆಂಟ್ ಸಂಜೆ ಆಗ್ಬಹುದು. ನಾನೊಂದು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಬಾಡೀನ ಈಗ್ಲೇ ತೊಗೊಂಡು ಹೋಗ್ಬಿಡೋಣ. ಗಗನಾ ಸೀದಾ ಅಲ್ಲಿಗೇ ಬರ್ಲಿ."

"ಬಾಡಿ ಎಂತ ಬಾಡಿ? ಅವರಿಗೆ ಹೆಸರುಂಟು."

"ಸಾರಿ ಆಂಟಿ. ಅಂಕಲ್‌ನ."

ಅಷ್ಟರಲ್ಲಿ ಅವಳ ಫೋನೇ ಬಡಿದುಕೊಂಡಿತು. ಗಗನಾ. ಮಗಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಬಾಯಿಗೆ ಬರುವುದು ಮಲಯಾಳ. "ಅಮ್ಮಾ, ಞಾನ್ ಚೇರ್ತಲ ಎತ್ತಿ. ಹೈವೇಯಿಲ್ ಫುಲ್ ವೆಳ್ಳಂ." ಚೇರ್ತಲ ಮುಟ್ಟಿದ್ದಾಳೆ, ರಸ್ತೆ ತುಂಬ ನೀರು, ಗಾಡಿಗಳು ಸಾಲಾಗಿ ನಿಂತಿವೆ. ಆಮೇಲೆ ಅವಳು ಅತ್ತಳು. "ಅಪ್ಪನೆ ಕೊಂಡುಪೋಗಲ್ಲೇ ಅಮ್ಮಾ."

ಕೊಂಡುಹೋಗಬೇಡಿ. "ಇಲ್ಲ ಮಗಾ," ಎಂದಳು ಕಲ್ಯಾಣಿ. "ನೀನು ಬರದೆ ಯಾರೂ ಎಲ್ಲಿಗೂ ಹೋಗುದಿಲ್ಲ. ನಿಧಾನ ಬಾ."

"ವೀಡಿಯೋ ಕಾಲ್ ಮಾಡಿ ತೋರಿಸ್ಬಹುದಿತ್ತು," ಎಂದ ವಿನಾಯಕ್.

"ವಿನಾಯಕ್, ಅವಳು ಹುಟ್ಟಿದಾಗ ಮೊದಲು ಎತ್ತಿಕೊಂಡದ್ದು ಅವರು. ಈಗ ಅವಳು ಅವರನ್ನು ಫೋನಿನಲ್ಲಿ ನೋಡುದಾ?"

ಅವನು ಫೋನು ಜೇಬಿಗೆ ಹಾಕಿದ. ಆದರೆ ಮಳೆ ನಿಲ್ಲಲಿಲ್ಲ. ಗುಂಡಿ ತುಂಬಿ ಹಲಗೆ ತೇಲಿತು, ನೀರು ಪೋರ್ಚಿನಲ್ಲಿ ಹರಡಿ ಸಿಟೌಟಿನ ಮೊದಲ ಮೆಟ್ಟಿಲು ಮುಚ್ಚಿತು. ಪಕ್ಕದ ಮನೆಯ ಸುಮತಿ ಪೋರ್ಚಿನ ಕುರ್ಚಿಗಳ ಕೆಳಗಿದ್ದ ಚಪ್ಪಲಿಗಳನ್ನೆಲ್ಲ ಆರಿಸಿ ಕಿಟಕಿಯ ದಂಡೆಗೆ ಇಟ್ಟಳು. ಅಲ್ಲಿದ್ದವರು ಒಬ್ಬೊಬ್ಬರೇ ಕಾಲು ಮೇಲೆತ್ತಿಕೊಂಡು ಕೂತರು. ಸಾವಿನ ಮನೆಯಲ್ಲಿ ನಗು ಬರುವಂಥ ನೋಟ, ಆದರೆ ನಗುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಆಗ ಅಚ್ಯುತ ಭಾವ ಮಹಡಿ ಮೆಟ್ಟಿಲ ಕೆಳಗಿನ ಸಂದಿಯಲ್ಲಿದ್ದ ರಟ್ಟಿನ ಪೆಟ್ಟಿಗೆಗಳನ್ನು ಕಂಡರು. ಒಂದರಲ್ಲಿ ಇನ್ವರ್ಟರ್, ಇನ್ನೊಂದರಲ್ಲಿ ಬ್ಯಾಟರಿ. ನಿನ್ನೆ ಬರಬೇಕಿದ್ದ ಎಲೆಕ್ಟ್ರಿಷಿಯನ್ನಿಗಾಗಿ ಕಾಯುತ್ತಿದ್ದವು.

"ಇದಿದ್ಯಲ್ಲಪ್ಪ!" ಎಂದ ವಿನಾಯಕ್. "ಸರ್, ನಿಮಗೆ ಗೊತ್ತಿರೋ ಕೆಲಸ. ಫ್ರೀಜರ್‌ಗೆ ಕೊಟ್ಬಿಡಿ."

ಅಚ್ಯುತ ಭಾವ ಕನ್ನಡಕ ಹಣೆಗೇರಿಸಿ ಪೆಟ್ಟಿಗೆಯ ಮೇಲಿನ ಅಕ್ಷರ ಓದಿದರು. "ಬ್ಯಾಟರಿ ಅಂಗಡಿಯಿಂದ್ಲೇ ಚಾರ್ಜ್ ಆಗಿ ಬಂದಿದೆ. ಆದ್ರೆ ಎರಡನ್ನೂ ಎಳೆಯಲ್ಲ. ಒಂದೇ."

"ಒಂದೇ ಸಾಕಲ್ಲ ಸರ್. ಫ್ರೀಜರ್."

"ಹೂಂ, ಅದೇ. ಮೊದ್ಲು ಅವನಿಗೆ ತಂಪಿರ್ಲಿ."

"ಪಂಪಿಗೆ ಕೊಡಿ," ಎಂದಳು ಕಲ್ಯಾಣಿ.

ಕೂತಿದ್ದವರೆಲ್ಲ ಅವಳತ್ತ ತಿರುಗಿದರು. ಸಂಘದ ಹೆಂಗಸೊಬ್ಬಳು ಬಾಯಿಗೆ ಸೆರಗು ಹಿಡಿದಳು. ಗಂಡನಿಗಿಲ್ಲದ ಕರೆಂಟು ಚರಂಡಿ ಗುಂಡಿಗಾ ಎಂದು ಅವಳ ಕಣ್ಣು ಕೇಳುತ್ತಿತ್ತು.

* * *

ಈ ಬ್ಯಾಟರಿಯ ಹುಚ್ಚು ಹತ್ತಿದ್ದು ತಿರುವನಂತಪುರದಲ್ಲಿ.

ಹೋದ ವರ್ಷ ಇಬ್ಬರೂ ಮಗಳ ಫ್ಲ್ಯಾಟಿಗೆ ಹೋಗಿದ್ದರು. ಕಳಕ್ಕೂಟಂನ ಐಟಿ ಪಾರ್ಕಿನ ಬೆನ್ನಿಗೇ ಇರುವ ಹನ್ನೆರಡು ಮಾಳಿಗೆಯ ಕಟ್ಟಡ. ಸಂಜೆ ಗುಡುಗಿಗೆ ಹೊರಗಿನ ಬೀದಿದೀಪಗಳೆಲ್ಲ ಆರಿದವು, ಇವರ ಕೋಣೆಯ ದೀಪ ಒಮ್ಮೆ ಕಣ್ಣು ಮಿಟುಕಿಸಿ ಹಾಗೇ ಉರಿಯಿತು. "ನೋಡಿದ್ಯಾ?" ಎಂದರು ಅಪ್ಪಣ್ಣ. "ಕರೆಂಟು ಹೋದದ್ದೇ ಗೊತ್ತಾಗ್ಲಿಲ್ಲ." ಆಮೇಲೆ ಮನುಷ್ಯ ಕಾಣೆ. ಚಹಾ ಆರಿತು. ಹುಡುಕಿದರೆ, ನೆಲದಡಿಯ ಪಾರ್ಕಿಂಗಿನಲ್ಲಿ, ಪಂಪಿನ ಗುಂಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಟಾರ್ಚು ಬಿಡುತ್ತಿದ್ದರು. ಕಾವಲಿನವನು ಕಳ್ಳನೆಂದು ತಿಳಿದು ತೋಳು ಹಿಡಿದುಕೊಂಡಿದ್ದ. ಮಗಳ ಆಫೀಸಿನವರು ನಾಲ್ಕು ಜನ ಲಿಫ್ಟಿನ ಎದುರು ನಿಂತು ನೋಡುತ್ತಿದ್ದರು. ಗಗನಾಳ ಮುಖ ಕೆಂಪಗಾಗಿತ್ತು.

"ಅಪ್ಪಾ, ಪ್ಲೀಸ್. ಇದೆಂದಾಣ್ ಚೆಯ್ಯುನ್ನದ್?" ಎಂತ ಮಾಡುತ್ತಿದ್ದೀರಿ ಎಂದು ಗದರಿದಳು.

"ಸಂಪ್ ನೋಡ್ತಿದ್ದೆ ಪುಟ್ಟ. ನೀರು ಏರಿದ್ರೆ ಇದು ತಾನಾಗೇ ಓಡುತ್ತೆ. ಕರೆಂಟಿಲ್ಲದಿದ್ರೂ ಓಡುತ್ತೆ. ಯಾರೂ ಏಳಬೇಕಾಗಿಲ್ಲ."

ಮಗಳಿಗೆ ಅದು ಅರ್ಥವಾಗಲಿಲ್ಲ. ಕಲ್ಯಾಣಿಗೆ ಆಯಿತು, ಆದರೆ ಅವಳಿಗೂ ಸಿಟ್ಟೇ ಬಂತು. ಮಳೆಗಾಲದ ಒಂದು ರಾತ್ರಿಯೂ ಪೂರ್ತಿ ಮಲಗದ ಮನುಷ್ಯ ಅದು. ಮೈಸೂರಿನ ಆ ಹೊಳೆಯುವ ಪಂಪಿಗೆ ಸೊಳ್ಳೆಪರದೆಯ ತುಂಡು ಸುತ್ತಿ ಗುಂಡಿಗೆ ಇಳಿಸಿದ್ದರು, ಎಲೆ ಹೋಗದ ಹಾಗೆ. ಪರದೆಗೆ ಕೆಸರು ಕಟ್ಟಿದಾಗಲೆಲ್ಲ ಎದ್ದು, ಟಾರ್ಚು ಬಾಯಿಯಲ್ಲಿ ಕಚ್ಚಿ, ಮೇಲೆತ್ತಿ ತೊಳೆದು ಮತ್ತೆ ಇಳಿಸುವುದು. ಎರಡು ಮಳೆಗಾಲ ಇದೇ ಪಾಡು. ಆ ಹಾಳು ಪಂಪು ಎಸೆದು ಹೊಸತು ತರಬಾರದಾ ಎಂದು ಅವಳು ಬೈದು ಬೈದು ನಾಲಿಗೆ ಒಣಗಿಸಿಕೊಂಡಳು. ಅವರು ಹೇಳುತ್ತಿದ್ದದ್ದು ಒಂದೇ: "ನಾಳೆ ನೋಡೋಣ."

ಕೊನೆಗೆ ಈ ವರ್ಷ, ಜೂನ್ ಹತ್ತಿರ ಬಂದಾಗ, ಗಗನಾ ಫೋನಿನಲ್ಲಿ ಗಲಾಟೆ ಮಾಡಿದ ಮೇಲೆ, ಅವರು ಆ ಫ್ಲ್ಯಾಟಿನದರಂತೆ ತಾನಾಗಿ ಓಡುವ ಕೆಸರು ನೀರಿನ ಪಂಪು ತಂದರು. ಬ್ಯಾಟರಿ ತಂದರು. ಬ್ಯಾಟರಿ ಎಲ್ಲಿಡುವುದು ಎಂದು ಗಂಡಹೆಂಡಿರಿಗೆ ಮೂರು ದಿನ ಜಗಳವಾಯಿತು. ಹಾಲಿನಲ್ಲಿ ಬೇಡ ಎಂದು ಅವಳು, ನೀರು ಮುಟ್ಟದ ಜಾಗ ಬೇರೆ ಎಲ್ಲಿದೆ ಎಂದು ಅವರು. ಮೆಟ್ಟಿಲ ಕೆಳಗೆ ಎಂದು ರಾಜಿಯಾದದ್ದು ಮೊನ್ನೆ. ನಿನ್ನೆ ಬೆಳಿಗ್ಗೆ ಪ್ಲಂಬರ್ ಹಳೆಯದನ್ನು ಕಿತ್ತು ಹೊಸದನ್ನು ಇಳಿಸಿ ಹೋದ. ಉಳಿದದ್ದು ವಯರು ಜೋಡಿಸುವ ಕೆಲಸ.

* * *

"ಕಲ್ಯಾಣಿ, ಏನು ಮಾತು ಅಂತ ಆಡ್ತಿದೀಯಮ್ಮ?" ಎಂದರು ಅಚ್ಯುತ ಭಾವ. "ಅವನು ನನ್ನ ತಮ್ಮ. ಅವನ ಮೈ ಕೆಡೋಕೆ ಬಿಟ್ಟು ಗುಂಡಿ ಒಣಗಿಸ್ಲಾ?"

"ಪೆಟ್ಟಿಗೆ ಮುಚ್ಚಳ ತೆಗೆಯದಿದ್ದರೆ ಎರಡು ಮೂರು ಗಂಟೆ ತಣ್ಣಗೇ ಇರ್ತದೆ. ಕರೆಂಟು ಹೋದರೆ ಫ್ರಿಜ್ಜಿನ ಹಾಲು ಎಷ್ಟು ಹೊತ್ತು ಕೆಡುದಿಲ್ಲ ಹೇಳಿ ನನಗೆ ಗೊತ್ತಿಲ್ವಾ? ನೀರು ಹಾಗೆ ಕಾಯುದಿಲ್ಲ ಭಾವ. ಅದು ಹಾಲಿಗೆ ಬಂದರೆ ಇವರೆಲ್ಲ ಅವರನ್ನು ಎತ್ತಿಕೊಂಡು ಹೋಗ್ತಾರೆ. ಬೇಡ ಹೇಳ್ಲಿಕ್ಕೆ ನನ್ನ ಬಾಯಲ್ಲಿ ಮಾತು ಇರುದಿಲ್ಲ."

"ಐಸ್ ತರಿಸಬಹುದು ಚೇಚಿ," ಎಂದಳು ಸುಮತಿ ಮಲಯಾಳದಲ್ಲಿ, ಅಕ್ಕ ಎಂದು ಕರೆಯುವ ಸಲಿಗೆಯಿಂದ. "ನನ್ನ ತಮ್ಮನ ಹತ್ತಿರ ಮೀನಿನ ಲಾರಿಯ ಐಸ್ ಉಂಟು. ಫೋನು ಮಾಡಲಾ?"

ವಿನಾಯಕ್ ಅದನ್ನು ಕನ್ನಡಕ್ಕೆ ತಿರುಗಿಸಿದ. ಅಚ್ಯುತ ಭಾವನಿಗೆ ಎಲ್ಲ ಬಿಟ್ಟು ಅದೊಂದೇ ಕೇಳಿಸಿತು. "ಮೀನಿನ ಐಸಾ? ಮೊಟ್ಟೇನೂ ಮುಟ್ಟದ ಮನೆತನ ಕಣಪ್ಪ ನಮ್ದು."

"ಐಸಿಗೆ ಜಾತಿ ಎಂತ ಭಾವ? ತರಿಸು ಸುಮತಿ," ಎಂದಳು ಕಲ್ಯಾಣಿ. ಅವಳ ತಾಳ್ಮೆ ಮುಗಿದಿತ್ತು. "ನೀವು ವಯರು ಜೋಡಿಸ್ತೀರೋ, ಇಲ್ಲವೋ? ನಿಮಗೆ ಆಗದಿದ್ದರೆ ಹೇಳಿ, ನಾನು ಬಕೆಟ್ ಹಿಡಿದು ಕೂರ್ತೇನೆ."

ಅವರು ಅಲ್ಲಾಡಲಿಲ್ಲ. ನೀರು ಎರಡನೆಯ ಮೆಟ್ಟಿಲು ಮುಟ್ಟಿತು. ಇನ್ನು ಒಂದೇ ಮೆಟ್ಟಿಲು.

"ಭಾವ," ಎಂದಳು ಅವಳು, ಈಗ ಮೆಲ್ಲಗೆ. "ನೀವು ಕಳಿಸಿದ ಪಂಪು ಅವರು ಎಸೆದರು ಹೇಳಿ ನಿಮ್ಮ ಲೆಕ್ಕ. ಅಲ್ವಾ? ಎಸೀಲಿಲ್ಲ. ಎರಡು ಮಳೆಗಾಲ ಅದಕ್ಕೆ ಸೊಳ್ಳೆಪರದೆ ಕಟ್ಟಿ, ರಾತ್ರಿ ಎದ್ದೆದ್ದು ತೊಳೆದು ಓಡಿಸಿದ್ರು. ನಾನು ಬೈದೆ. ಮಗಳು ಬೈದಳು. ಒಂದು ದಿನ ಸಿಟ್ಟಲ್ಲಿ ಕೇಳಿದೆ, ಇದರಲ್ಲಿ ಎಂತ ಉಂಟು ಹೇಳಿ ಹೀಗೆ ಕಟ್ಟಿಕೊಂಡಿದ್ದೀರಿ ಹೇಳಿ. 'ಅಣ್ಣ ಕಳ್ಸಿದ್ದು ಕಣೇ' ಅಂದ್ರು. ಅಷ್ಟೇ. ನಿಮ್ಮ ಹತ್ರ ಮಾತಿಲ್ಲ, ನಿಮ್ಮ ಪಂಪು ಬಿಡ್ಲಿಕ್ಕಿಲ್ಲ. ನಡುವೆ ನಾನು."

ಅಚ್ಯುತ ಭಾವ ಪೆಟ್ಟಿಗೆಯ ಗಾಜಿನತ್ತ ನೋಡಿದರು. ಗಾಜಿಗೆ ಮಂಜು ಹಿಡಿದಿತ್ತು, ತಮ್ಮನ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಆಮೇಲೆ ಅಂಗಿ ಬಿಚ್ಚಿ ವಿನಾಯಕ್‌ನ ಕೈಗೆ ಕೊಟ್ಟರು.

"ಸ್ಕ್ರೂಡ್ರೈವರ್ ಎಲ್ಲಿದೆ?" ಎಂದರು.

ಕೆಲಸ ಸಲೀಸಾಗಿ ಆಗಲಿಲ್ಲ. ಸಲೀಸಾಗಿ ಆಗುವ ದಿನವೂ ಅದಾಗಿರಲಿಲ್ಲ. ಅಪ್ಪಣ್ಣ ಮೂರು ಡಬ್ಬಿ ತುಂಬ ಸ್ಕ್ರೂ ಇಟ್ಟಿದ್ದರು, ಬೇಕಾದ ಅಳತೆಯದು ಒಂದೂ ಇರಲಿಲ್ಲ. ಪಂಪಿನ ವಯರು ಮೆಟ್ಟಿಲ ಸಂದಿಯವರೆಗೆ ಎಟುಕಲ್ಲ. ಇಸ್ತ್ರಿಪೆಟ್ಟಿಗೆಯ ವಯರು ಕತ್ತರಿಸಿ ಜೋಡಿಸಬೇಕಾಯಿತು. ಬ್ಯಾಟರಿಯನ್ನು ಎತ್ತಿ ಊಟದ ಮೇಜಿನ ಮೇಲಿಡಲು ನಾಲ್ಕು ಜನ ಬೇಕಾದರು, ಮೇಜಿನ ಕಾಲಿಗೆ ಗೀರು ಬಿತ್ತು. ವಿನಾಯಕ್ ಟಾರ್ಚು ಹಿಡಿದು ಬೇಡದ ಕಡೆಗೇ ಬೆಳಕು ಬಿಡುತ್ತಿದ್ದ. ನಡುವೆ ಸ್ಮಶಾನದಿಂದ ಫೋನು ಬಂತು, ನಿಮ್ಮ ಹೊತ್ತು ತಪ್ಪಿದರೆ ಸಾಯಂಕಾಲವೇ ಎಂದು. "ಸಾಯಂಕಾಲವೇ ಆಗಲಿ ಹೇಳು," ಎಂದಳು ಕಲ್ಯಾಣಿ.

ಅಚ್ಯುತ ಭಾವ ಕೊನೆಯ ಸ್ಕ್ರೂ ಬಿಗಿದು, ಎದ್ದು, ಎಲ್ಲರನ್ನೂ ನೀರಿನಿಂದ ಮೇಲೆ ಹತ್ತಿಸಿ, ಗುಂಡಿಯತ್ತ ಒಮ್ಮೆ ನೋಡಿ ಸ್ವಿಚ್ಚು ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಆರಿಸಿ ಒತ್ತಿದರು. ನೀರಿನಡಿಯಿಂದ ಒಂದು ಗೊರಕೆ ಕೇಳಿಸಿತು, ಪೈಪು ಒದ್ದಾಡಿತು, ಕಾಂಪೌಂಡಿನ ಆಚೆ ಭೊರ್ರೆಂದು ನೀರು ಬಿತ್ತು.

ಅವರು ಸಿಟೌಟಿನ ಅಂಚಿನಲ್ಲಿ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. "ನಾನೊಂದ್ಸಲ ಬಂದು ನೋಡಬಹುದಿತ್ತು ಕಣಮ್ಮ," ಎಂದರು. ಹೌದು, ಬರಬಹುದಿತ್ತು. ಅವಳು ಒಂದು ಲೋಟ ಚಹಾ ತಂದು ಅವರ ಪಕ್ಕ ಇಟ್ಟಳು.

* * *

ಗಗನಾ ಬಂದಾಗ ಮಳೆ ಹನಿಗಡಿದಿತ್ತು. ಕಾರು ಓಣಿಯ ಬಾಯಿಯಲ್ಲೇ ನಿಂತಿತು, ಚಪ್ಪಲಿ ಕೈಯಲ್ಲಿ ಹಿಡಿದು ಅವಳು ಮೊಣಕಾಲುದ್ದದ ನೀರಿನಲ್ಲಿ ನಡೆದುಬಂದಳು. ಗೇಟಿನೊಳಗೆ ಕಾಲಿಟ್ಟು ಬೆರಗಾಗಿ ನಿಂತಳು. ಪೋರ್ಚಿನಲ್ಲಿ ಕೆಸರು ಮಾತ್ರ ಉಳಿದಿತ್ತು. ಹಾಲಿನ ನೆಲ ಒಣಗಿತ್ತು.

ಪೆಟ್ಟಿಗೆಯ ಸುತ್ತ ಮೀನಿನ ಲಾರಿಯ ಐಸು ಟವಲುಗಳಲ್ಲಿ ಸುತ್ತಿ ಇಟ್ಟಿತ್ತು. ಮುಚ್ಚಳ ತೆಗೆದರು. ಅವಳು ಅಪ್ಪನ ಹಣೆಯ ಮೇಲೆ ಕೈಯಿಟ್ಟಳು. ಅಲ್ಲಿದ್ದವರು ಅವಳು ಕೂಗಿ ಅಳುತ್ತಾಳೆ ಎಂದು ಕಾದರು. ಅಳಲಿಲ್ಲ. ಬಗ್ಗಿ, ಕಿವಿಯ ಹತ್ತಿರ, ಶಬ್ದ ಹುಡುಕಿ ಹುಡುಕಿ ಹೇಳಿದಳು.

"ಅಪ್ಪಾ. ನಾನು ಬಂದೆ. ಲೇಟ್ ಆಯ್ತು. ದಾರೀಲಿ ನೀರಿತ್ತು. ಇಲ್ಲಿ ಇಲ್ಲ ಅಪ್ಪಾ, ಇಲ್ಲಿ ಒಂದು ಹನಿಯೂ ಇಲ್ಲ."

ಅಷ್ಟುದ್ದ ಕನ್ನಡವನ್ನು ಮಗಳ ಬಾಯಲ್ಲಿ ಕಲ್ಯಾಣಿ ಕೇಳಿರಲಿಲ್ಲ. ಅಲ್ಲಿಯವರೆಗೆ ಬಾರದ ಅಳು ಅವಳಿಗೆ ಆಗ ಬಂತು. ಬಾಗಿಲ ಚೌಕಟ್ಟು ಹಿಡಿದು ನಿಂತೇ ಅತ್ತಳು.

ಅಡುಗೆಮನೆಯ ನಲ್ಲಿಯಿಂದ ತಂದ ನೀರಿನಲ್ಲಿ ದೊಡ್ಡಪ್ಪ ಮತ್ತು ಮಗಳು ಸೇರಿ ಮೈ ತೊಳೆದರು. ಅಚ್ಯುತ ಭಾವ ಪ್ರತಿ ಚೊಂಬನ್ನೂ ಬೆಳಕಿಗೆ ಹಿಡಿದು ನೋಡಿ ಹೊಯ್ಯುತ್ತಿದ್ದರು. ಸಂಘದವರು ತಂದ ಹಳದಿ ಸೇವಂತಿಗೆ ಹಾರ ಹಾಕಿದರು. ವಿನಾಯಕ್ ಗಡಿಯಾರ ನೋಡುವುದನ್ನು ಬಿಟ್ಟು ಹೆಗಲು ಕೊಟ್ಟ. ಹೆಣ್ಣುಮಕ್ಕಳು ಹೋಗುವುದುಂಟಾ ಎಂದು ಯಾರೋ ಗೊಣಗಿದರು. "ಬೆಂಕಿ ಕೊಡುವವಳೇ ಅವಳು. ಅವಳು ಹೋಗದೆ ನೀವು ಹೋಗ್ತೀರಾ?" ಎಂದರು ಅಚ್ಯುತ ಭಾವ, ತಮ್ಮನ ಮಗಳ ಕೈ ಹಿಡಿದುಕೊಂಡು. ಗಂಡಸರ ಕಾಲಿನಡಿ ಹೂವು ಉದುರುತ್ತಾ ಹೋಯಿತು, ಹಾಲಿನಲ್ಲಿ, ಮೆಟ್ಟಿಲಿನಲ್ಲಿ, ಪೋರ್ಚಿನಲ್ಲಿ.

ಗಾಡಿ ಓಣಿಯ ತಿರುವು ದಾಟಿತು.

ಕಲ್ಯಾಣಿ ಒಳಗೆ ಬಂದಳು. ಪೆಟ್ಟಿಗೆ ಇದ್ದ ಜಾಗ ಖಾಲಿ. ಇಡೀ ದಿನ ಜಗಳವಾಡಿ ಉಳಿಸಿಕೊಂಡ ಒಣ ನೆಲ. ಸುಮತಿ ಬಾಗಿಲಲ್ಲಿ ಹಿಂಜರಿಯುತ್ತಾ ನಿಂತಿದ್ದಳು, ಕೈಯಲ್ಲಿ ನೀರು ತುಂಬಿದ ಬಕೆಟ್ಟು.

"ಚೇಚಿ, ಇನ್ನು ಮನೆ ತೊಳೆಯಬೇಕಲ್ಲ? ನಿಮ್ಮಲ್ಲೂ ಉಂಟಲ್ಲವಾ?"

ಉಂಟು. ಹೆಣ ಹೊರಟ ಮೇಲೆ ಮನೆಗೆ ನೀರು ಹೊಯ್ಯಬೇಕು. ಅವಳ ತವರು ಕುಂಬಳೆಯಲ್ಲೂ ಉಂಟು, ಅವರ ಮೈಸೂರಿನಲ್ಲೂ ಉಂಟು, ಇಲ್ಲೂ ಉಂಟು. ಅದರಲ್ಲಿ ಯಾರಿಗೂ ಅರ್ಥ ಬೇರೆಯಾಗುವುದಿಲ್ಲ. ಕಲ್ಯಾಣಿಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಮಲಗಿ ಏಳದ ಮನುಷ್ಯನ ಮೇಲೆಯೇ ಇರಬೇಕು.

"ನಾನು ಹೊಯ್ಯುತ್ತೇನೆ ಚೇಚಿ, ನೀವು ಕೂತುಕೊಳ್ಳಿ."

"ಬೇಡ. ಕೊಡು ಇಲ್ಲಿ."

ಅವಳು ಸೆರಗು ಸಿಕ್ಕಿಸಿ, ಬಕೆಟ್ಟು ಎತ್ತಿ, ಹಾಲಿನ ನಡುವೆ ಒಂದೇ ಸಲಕ್ಕೆ ಸುರಿದಳು. ನೀರು ಸೋಫಾದ ಅಡಿಗೆ ನುಗ್ಗಿತು, ಗೋಡೆಗೆ ಬಡಿದು ತಿರುಗಿತು, ಹೊಸ್ತಿಲು ದಾಟಿತು. ಇನ್ನೊಂದು ಬಕೆಟ್ಟು. ಮತ್ತೊಂದು. ಪೊರಕೆ ಹಿಡಿದು ಒಳಗಿನ ನೀರನ್ನೆಲ್ಲ ಸಿಟೌಟಿಗೆ, ಸಿಟೌಟಿನಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಪೋರ್ಚಿಗೆ ನೂಕಿದಳು. ಅದು ಬಿದ್ದ ಹೂವುಗಳನ್ನೆಲ್ಲ ಎತ್ತಿಕೊಂಡು, ಮೂಲೆಯ ಗುಂಡಿಗೆ ಹೋಗಿ ಇಳಿಯಿತು.

ಕರೆಂಟು ಇನ್ನೂ ಬಂದಿರಲಿಲ್ಲ. ಕಲ್ಯಾಣಿ ಕೊನೆಯ ಮೆಟ್ಟಿಲಿನಲ್ಲಿ ಪೊರಕೆ ಹಿಡಿದು ನಿಂತಳು. ಗುಂಡಿಯೊಳಗೆ ನೀರು ಮೆಲ್ಲಗೆ ಏರುತ್ತಿತ್ತು. ಯಾರೂ ಸ್ವಿಚ್ಚಿನ ಹತ್ತಿರ ಇರಲಿಲ್ಲ. ಒಂದು ಸಣ್ಣ ಟಕ್, ಆಮೇಲೆ ಪಂಪು ತಾನಾಗಿ ಹೊರಟಿತು.

ಕಾಂಪೌಂಡಿನ ಆಚೆ ಪೈಪು ನಡುಗಿ, ಗಾಡಿ ಹೋದ ಹಾದಿಗೆ ನೀರು ಉಗುಳಿತು. ಮೊದಲು ಕೆಸರು ಬಂತು, ಆಮೇಲೆ ಹಳದಿ ಎಸಳುಗಳು.